ಮುಟ್ಟಿ ತಿಳಿಯುವುದರಲ್ಲಿ ಎಡಗೈ ಹಿಂದಿಲ್ಲ

ದಾವಣಗೆರೆ: ತುಂಗಭದ್ರೆಯ ದಡದ ಹರಿಹರದಲ್ಲಿ ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿನ ಮೂರ್ತಿಯ ಬಲ ಅರ್ಧ ಹರನದು, ಎಡ ಅರ್ಧ ಹರಿಯದು. ಒಂದೇ ದೇಹ, ಎರಡು ಸ್ವಭಾವ. ಮನುಷ್ಯ ದೇಹದ ಎಡ-ಬಲಗಳಿಗೂ ಇಂತಹ ಭೇದವುಂಟೇ ಎಂಬುದು ಶರೀರ ವಿಜ್ಞಾನಿಗಳನ್ನು ಸುಮಾರು ಎರಡು ಶತಮಾನಗಳಿಂದ ಕಾಡಿರುವ ಪ್ರಶ್ನೆ. ಬರೆಯಲು, ಎಸೆಯಲು, ಸುತ್ತಿಗೆ ಹಿಡಿಯಲು ಹತ್ತರಲ್ಲಿ ಒಂಬತ್ತು ಮಂದಿಗೆ ಬಲಗೈಯೇ ಬೇಕು. ಹಾಗಿದ್ದ ಮೇಲೆ ಮುಟ್ಟಿ ತಿಳಿಯುವುದರಲ್ಲಿಯೂ ಬಲಗೈಯೇ ಮುಂದಿರಬೇಕಲ್ಲವೇ?

ಹಾಗೇನೂ ಇಲ್ಲ ಎಂಬುದೇ ಇದುವರೆಗಿನ ಪ್ರಯೋಗಗಳ ಒಟ್ಟು ಉತ್ತರ. ಆರೋಗ್ಯವಂತರಲ್ಲಿ ಎರಡೂ ಕೈಗಳ ಸ್ಪರ್ಶ ಸಂವೇದನೆ ಬಹುಮಟ್ಟಿಗೆ ಸಮಾನವಾಗಿರುತ್ತದೆ. ವ್ಯತ್ಯಾಸ ಕಂಡುಬಂದ ಕಡೆಗಳಲ್ಲೂ ಅದು ಅತ್ಯಲ್ಪ. ಅದೂ ಎಷ್ಟೋ ಬಾರಿ ಎಡಗೈಯ ಪರವಾಗಿ. ಇದು ಬರಿಯ ಕುತೂಹಲದ ಸಂಗತಿಯಲ್ಲ. ಒಂದು ಕೈ ಅಥವಾ ಒಂದು ಪಾದ ಮಾತ್ರ ಮರಗಟ್ಟಿದಾಗ ‘ಅದು ಎಡಗೈ, ಮೊದಲಿನಿಂದಲೂ ಅಷ್ಟು ಚುರುಕಿಲ್ಲ’ ಎಂದು ಸುಮ್ಮನಾಗುವವರು ಕಳೆದುಕೊಳ್ಳುವುದು ಚಿಕಿತ್ಸೆಯ ಅಮೂಲ್ಯ ಸಮಯವನ್ನು.

ಚರ್ಮದಿಂದ ಮೆದುಳಿಗೆ

ಒಂದು ಅಂಗೈಯ ಮತ್ತು ಅದರ ಬೆರಳುಗಳ ಒಳಮೈಯಲ್ಲಿ ಸ್ಪರ್ಶವನ್ನು ಗ್ರಹಿಸುವ ಸುಮಾರು 17 ಸಾವಿರ ನರತಂತುಗಳಿವೆ ಎಂದು ಸ್ವೀಡನ್ನಿನ ವಿಜ್ಞಾನಿಗಳಾದ ರೋಲಂಡ್ ಯೋಹಾನ್ಸನ್ ಮತ್ತು ಓಕೆ ವಾಲ್ಬೊ 1970ರ ದಶಕದಲ್ಲಿ ಅಂದಾಜಿಸಿದರು. ಇವುಗಳ ತುದಿಯಲ್ಲಿರುವ ಗ್ರಾಹಕಗಳು ನಾಲ್ಕು ಬಗೆಯವು. ಅಂಚು, ಮೂಲೆ, ಉಬ್ಬು-ತಗ್ಗುಗಳನ್ನು ಗುರುತಿಸುವ ಮರ್ಕೆಲ್. ಕೈಯಿಂದ ವಸ್ತು ಜಾರುತ್ತಿದೆ ಎಂದು ಎಚ್ಚರಿಸುವ ಮೈಸ್ನರ್. ಕಂಪನವನ್ನು ಹಿಡಿಯುವ ಪಾಸಿನಿ. ಚರ್ಮದ ಎಳೆತವನ್ನು ಅರಿಯುವ ರುಫಿನಿ. ಮೊದಲಿನ ಎರಡು ಬಗೆಯವು ಬೆರಳ ತುದಿಯಲ್ಲಿ ಬಹಳ ದಟ್ಟವಾಗಿವೆ. ಬಟ್ಟೆ ಅಂಗಡಿಯಲ್ಲಿ ಸೀರೆಯ ಸೆರಗನ್ನು ಅಂಗೈಯಲ್ಲಿ ಒರೆಸಿ ನೋಡದೆ ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ನೋಡುವುದರ ಕಾರಣ ಇದೇ.

ಗ್ರಾಹಕಗಳು ಕಳುಹಿಸಿದ ಸಂದೇಶ ನರಗಳ ಮೂಲಕ ಬೆನ್ನುಹುರಿಯನ್ನು ಸೇರಿ ಮೇಲೇರುತ್ತದೆ. ಮೆದುಳಿನ ಬುಡದಲ್ಲಿ ಈ ದಾರಿಗಳು ಅಡ್ಡಹಾಯುತ್ತವೆ. ಹೀಗಾಗಿ ಎಡಗೈ ಮುಟ್ಟಿದ್ದು ಮೆದುಳಿನ ಬಲ ಅರ್ಧಗೋಳಕ್ಕೆ, ಬಲಗೈ ಮುಟ್ಟಿದ್ದು ಎಡ ಅರ್ಧಗೋಳಕ್ಕೆ ಮೊದಲು ತಲುಪುತ್ತದೆ. ಮೆದುಳಿನ ಸ್ಪರ್ಶ ನಕಾಶೆಯಲ್ಲಿ ಇಡೀ ಬೆನ್ನಿಗಿಂತ ತುಟಿ ಮತ್ತು ಬೆರಳುಗಳಿಗೆ ಹೆಚ್ಚು ಜಾಗ ಮೀಸಲಾಗಿದೆ ಎಂಬುದನ್ನು ಕೆನಡಾದ ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1937ರಲ್ಲಿ ತೋರಿಸಿಕೊಟ್ಟರು. ಎಡ-ಬಲದ ಚರ್ಚೆಯಲ್ಲಿ ಈ ಅಡ್ಡಹಾಯುವಿಕೆಯನ್ನು ಮರೆಯುವಂತಿಲ್ಲ. ಬಲ ಅರ್ಧಗೋಳವು ಆಕಾರ, ದಿಕ್ಕು, ಸ್ಥಳಗಳ ಅರಿವಿನಲ್ಲಿ ಒಂದಿಷ್ಟು ಮುಂದೆ ಎಂಬ ಮಾತು ನಿಜವಾದರೆ, ಅದರ ಲಾಭ ಸಿಗಬೇಕಾದದ್ದು ಎಡಗೈಗೆ.

ಕೈವಾರದಿಂದ ಆರಂಭ

ಜರ್ಮನಿಯ ಲೀಪ್‌ಜಿಗ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಎರ್ನ್‌ಸ್ಟ್ ಹೈನ್‌ರಿಷ್ ವೇಬರ್ 1834ರಲ್ಲಿ ಸ್ಪರ್ಶದ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದ. ಆತನ ಮುಖ್ಯ ಸಾಧನ ಶಾಲಾ ಮಕ್ಕಳ ಪೆಟ್ಟಿಗೆಯಲ್ಲಿರುವಂತಹ ಕೈವಾರ. ಅದರ ಎರಡು ಮೊನೆಗಳನ್ನು ಒಟ್ಟಿಗೆ ಚರ್ಮಕ್ಕೆ ತಾಗಿಸಿ, ಎಷ್ಟು ಅಂತರವಿದ್ದರೆ ಅವು ಎರಡು ಎಂದು ತಿಳಿಯುತ್ತದೆ ಎಂದು ಆತ ಅಳೆದ. ಬೆರಳ ತುದಿಯಲ್ಲಿ 2-3 ಮಿ.ಮೀ. ಅಂತರ ಸಾಕು. ಅಂಗೈಯಲ್ಲಿ ಸುಮಾರು 1 ಸೆಂ.ಮೀ. ಬೇಕು. ಬೆನ್ನು, ತೊಡೆ, ಮೀನಖಂಡಗಳಲ್ಲಿ 4 ಸೆಂ.ಮೀ. ದೂರವಿಟ್ಟರೂ ಎರಡು ಮೊನೆಗಳು ಒಂದೇ ಎನಿಸುವುದುಂಟು. ತೂಕ ಹಾಗೂ ಬಿಸಿ-ತಂಪನ್ನು ಪರೀಕ್ಷಿಸುವಾಗ ಅನೇಕರಲ್ಲಿ ಎಡಗೈಯೇ ಹೆಚ್ಚು ಸೂಕ್ಷ್ಮವಾಗಿ ಕಂಡುದನ್ನೂ ವೇಬರ್ ದಾಖಲಿಸಿದ್ದಾನೆ. ಎಡ-ಬಲದ ವಾದ ಶುರುವಾದದ್ದು ಅಲ್ಲಿಂದ.

ಅಮೆರಿಕದ ಸಿಡ್ನಿ ವೈನ್‌ಸ್ಟೈನ್ 1968ರಲ್ಲಿ ಸ್ತ್ರೀಪುರುಷರ ದೇಹದ ಹತ್ತಾರು ಭಾಗಗಳನ್ನು ಎರಡೂ ಪಾರ್ಶ್ವಗಳಲ್ಲಿ ಅಳೆದು ಪಟ್ಟಿ ಮಾಡಿದರು. ದೇಹದ ಯಾವ ಭಾಗ ಎಂಬುದರ ಮೇಲೆ ಸಂವೇದನೆ ಅಪಾರವಾಗಿ ಬದಲಾಗುತ್ತದೆ. ಎಡವೋ ಬಲವೋ ಎಂಬುದರ ಪಾತ್ರ ತೀರ ಸಣ್ಣದು. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಓದುವ ಅಂಕಿಅಂಶಗಳಿಗೆ ಇದೊಂದು ಮುಖ್ಯ ಆಧಾರ.

ಕೈವಾರದ ಪರೀಕ್ಷೆಯಲ್ಲಿ ಒಂದು ದೋಷವಿದೆ. ಎರಡು ಮೊನೆ ತಾಗಿದಾಗಿನ ಒತ್ತಡ ಒಂದು ಮೊನೆಯ ಒತ್ತಡದಂತಿರುವುದಿಲ್ಲ. ಜಾಣರು ಅಂತರವನ್ನು ಅರಿಯದೆಯೂ ಸರಿಯುತ್ತರ ಹೇಳಿಬಿಡಬಹುದು. ಆದ್ದರಿಂದ 1980ರ ದಶಕದಿಂದೀಚೆಗೆ ಸಂಶೋಧಕರು ಸಮಾನಾಂತರ ಗೀರುಗಳಿರುವ ಪ್ಲಾಸ್ಟಿಕ್ ಅಚ್ಚುಗಳನ್ನು ಬೆರಳಿಗೆ ಒತ್ತಿ, ಗೀರು ಬೆರಳಿನುದ್ದಕ್ಕಿದೆಯೋ ಅಡ್ಡಕ್ಕಿದೆಯೋ ಎಂದು ಕೇಳುತ್ತಾರೆ. ಯುವಕರ ತೋರುಬೆರಳು ಸುಮಾರು 1 ಮಿ.ಮೀ. ಅಗಲದ ಗೀರುಗಳನ್ನು ಗುರುತಿಸಬಲ್ಲದು. ಈ ವಿಧಾನದಿಂದ ಅಮೆರಿಕದಲ್ಲಿ ಕೆ. ಸತ್ಯನ್ ಮತ್ತು ಜಂಗಲಾಡ್ಜೆ 1996ರಲ್ಲಿ ನಡೆಸಿದ ಅಧ್ಯಯನದಲ್ಲಿ ಬಲ ಮತ್ತು ಎಡ ಬೆರಳುಗಳ ಮಧ್ಯೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬದಲಿಗೆ ಬೆರಳು-ಬೆರಳಿಗೆ ವ್ಯತ್ಯಾಸವಿತ್ತು. ತೋರುಬೆರಳು ಚುರುಕು, ಉಂಗುರದ ಬೆರಳಿನ ಕಡೆಗೆ ಸಾಗಿದಂತೆ ಸೂಕ್ಷ್ಮತೆ ತಗ್ಗುತ್ತದೆ ಎಂಬುದನ್ನು 2001ರ ಇನ್ನೊಂದು ಅಧ್ಯಯನವೂ ತೋರಿಸಿತು.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 2009ರಲ್ಲಿ ಹೊರಗೆಡವಿದ ಸಂಗತಿ ಇನ್ನೂ ಸ್ವಾರಸ್ಯಕರ. ಸ್ತ್ರೀಯರ ಬೆರಳು ಪುರುಷರ ಬೆರಳಿಗಿಂತ ಸೂಕ್ಷ್ಮವೆಂಬ ನಂಬಿಕೆ ಹಳೆಯದು. ಬೆರಳ ತುದಿಯ ಅಳತೆಯನ್ನು ಲೆಕ್ಕಕ್ಕೆ ಹಿಡಿದಾಗ ಈ ಸ್ತ್ರೀ-ಪುರುಷ ಭೇದವೇ ಮಾಯವಾಯಿತು. ಚಿಕ್ಕ ಬೆರಳಲ್ಲಿ ಗ್ರಾಹಕಗಳು ಹತ್ತಿರ ಹತ್ತಿರ ಇರುತ್ತವೆ ಎಂಬುದೇ ಅದರ ವಿವರಣೆ. ಅಂದರೆ ‘ಎಡವೋ ಬಲವೋ’ ಎನ್ನುವುದಕ್ಕಿಂತ ‘ದಪ್ಪವೋ ಸಣ್ಣವೋ’ ಎಂದು ಕೇಳುವುದೇ ಹೆಚ್ಚು ಸಮಂಜಸ.

ರೂಢಿಯ ಕೈ ಯಾವುದು?

ಇಷ್ಟಾದರೂ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗದಿರಲು ಕಾರಣವುಂಟು. ಲಘು ಒತ್ತಡ, ಕಂಪನ, ಬಿಸಿ, ನೋವು, ಆಕಾರದ ಗುರುತು — ಇವೆಲ್ಲವನ್ನೂ ‘ಸ್ಪರ್ಶ’ವೆಂಬ ಒಂದೇ ಚೀಲಕ್ಕೆ ತುಂಬುವುದು ಸಲ್ಲದು. ಬಲಗೈ ರೂಢಿಯವರಲ್ಲಿ ನೋವನ್ನು ತಾಳುವ ಶಕ್ತಿ ಬಲಗೈಯಲ್ಲಿ ಕೊಂಚ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಕಣ್ಣು ಮುಚ್ಚಿ ವಿಚಿತ್ರ ಆಕಾರಗಳನ್ನು ಸವರಿ ಗುರುತಿಸುವ ಪರೀಕ್ಷೆಗಳಲ್ಲಿ 1970ರ ದಶಕದಲ್ಲಿ ಎಡಗೈ ಮೇಲುಗೈ ಪಡೆದದ್ದುಂಟು. ನಂತರದವರಿಗೆ ಅದೇ ಫಲ ಪ್ರತಿಬಾರಿಯೂ ಸಿಗಲಿಲ್ಲ.

ಮತ್ತೊಂದು ತೊಡಕು, ರೂಢಿಯ ಕೈಯನ್ನು ನಿರ್ಧರಿಸುವುದೇ ಹೇಗೆ ಎಂಬುದು. ಬ್ರಿಟನ್ನಿನ ಓಲ್ಡ್‌ಫೀಲ್ಡ್ 1971ರಲ್ಲಿ ಸಿದ್ಧಪಡಿಸಿದ 10 ಪ್ರಶ್ನೆಗಳ ಪಟ್ಟಿಯನ್ನು ಜಗತ್ತಿನಾದ್ಯಂತ ಬಳಸಲಾಗುತ್ತದೆ. ಬರೆಯುವುದು, ಚಿತ್ರ ಬಿಡಿಸುವುದು, ಎಸೆಯುವುದು, ಕತ್ತರಿ, ಹಲ್ಲುಜ್ಜುವ ಬ್ರಷ್, ಚಾಕು, ಚಮಚ, ಬೆಂಕಿಕಡ್ಡಿ ಗೀರುವುದು, ಡಬ್ಬಿಯ ಮುಚ್ಚಳ ತೆಗೆಯುವುದು ಅದರಲ್ಲಿವೆ. ಇನ್ನೊಂದು ಪ್ರಶ್ನೆ, ಕಸ ಗುಡಿಸುವಾಗ ಪೊರಕೆಯ ಮೇಲ್ಭಾಗದಲ್ಲಿ ಯಾವ ಕೈ ಇರುತ್ತದೆ ಎಂದು. ಬಗ್ಗಿ ಒಂದೇ ಕೈಯಲ್ಲಿ ಕಸಬರಿಗೆ ಆಡಿಸುವ ನಮ್ಮ ಮನೆಗಳಿಗೆ ಈ ಪ್ರಶ್ನೆಯೇ ಅನ್ವಯಿಸದು! ಎಡಚ ಮಕ್ಕಳಿಗೂ ಉಣ್ಣುವುದನ್ನು, ಪ್ರಸಾದ ಪಡೆಯುವುದನ್ನು, ಹಣ ಕೊಡುವುದನ್ನು ಬಲಗೈಯಲ್ಲೇ ರೂಢಿಸುವ ಸಮಾಜದಲ್ಲಿ ಚಮಚದ ಪ್ರಶ್ನೆಯೂ ನೆಟ್ಟಗಿನ ಉತ್ತರ ಕೊಡುವುದಿಲ್ಲ. ‘ಬಲ’ ಎಂದರೆ ಶಕ್ತಿಯೂ ಹೌದು, ‘ಎಡವಟ್ಟು’ ಎಂದರೆ ಕೆಟ್ಟ ಕೆಲಸವೂ ಹೌದು ಎನ್ನುವ ಭಾಷೆ ನಮ್ಮದು. ವಿದೇಶಿ ಪ್ರಶ್ನಾವಳಿಯನ್ನು ಇಲ್ಲಿಗೆ ಹಾಗೆಯೇ ತರುವವರು ಇದನ್ನು ಗಮನಿಸಬೇಕು.

ಬಲಗೈಯೇ ಚುರುಕು ಎಂಬ ಅನಿಸಿಕೆಗೆ ಮೂಲ ಚಲನೆಯ ಕೌಶಲ. ಮುಟ್ಟಿ ತಿಳಿಯುವುದೆಂದರೆ ಸುಮ್ಮನೆ ಬೆರಳಿಡುವುದಲ್ಲ. ಸವರುವುದು, ಹೊರಳಿಸುವುದು, ಅದುಮುವುದು. ಈ ಚಲನೆಯಲ್ಲಿ ರೂಢಿಯ ಕೈ ಪಳಗಿರುತ್ತದೆ. ಜೇಬಿನಲ್ಲಿ ಕೈಯಿಟ್ಟು ಹನ್ನೆರಡು ಮೂಲೆಗಳ 20 ರೂಪಾಯಿ ನಾಣ್ಯವನ್ನು ದುಂಡನೆಯ 10 ರೂಪಾಯಿಯಿಂದ ಬೇರ್ಪಡಿಸುವಾಗ ಬಲಗೈ ಗೆದ್ದರೆ ಆ ಗೆಲುವು ಸ್ನಾಯುಗಳದು, ಚರ್ಮದ್ದಲ್ಲ. ವಾಸ್ತವವಾಗಿ ಕೈ ಚಲಿಸುತ್ತಿರುವಾಗ ಮೆದುಳು ಆ ಕೈಯಿಂದ ಬರುವ ಲಘು ಸ್ಪರ್ಶದ ಸಂದೇಶಗಳನ್ನು ಅಲ್ಪಸ್ವಲ್ಪ ತಡೆಹಿಡಿಯುತ್ತದೆ. ತನಗೆ ತಾನೇ ಕಚಗುಳಿ ಇಟ್ಟುಕೊಳ್ಳಲು ಆಗದಿರುವುದಕ್ಕೂ ಇಂತಹುದೇ ಕಾರಣ.

ಭಟ್ಟಿ, ಗಿರಣಿ, ಲೇತ್

ಸ್ಪರ್ಶಕ್ಕೂ ದುಡಿಮೆಗೂ ಇರುವ ನಂಟನ್ನು ನೋಡಲು ಈ ಅವಳಿ ಊರುಗಳಿಗಿಂತ ಒಳ್ಳೆಯ ಜಾಗ ಅಪರೂಪ. ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ತುಂಡಾದ ಎಳೆಯನ್ನು ಬೆರಳ ತುದಿಯಲ್ಲೇ ಹೊಸೆದು ಕೂಡಿಸಬೇಕಿತ್ತು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಲೇತ್ ಕೆಲಸದಲ್ಲಿ ಪಳಗಿದವರು ತಿರುವಿದ ಕಬ್ಬಿಣದ ನಯವನ್ನು ಉಗುರು ಮತ್ತು ಬೆರಳಿನಿಂದ ಸವರಿ ಅಂದಾಜಿಸುವುದು ಎಲ್ಲೆಡೆಯ ಪದ್ಧತಿ. ಈ ಅಂದಾಜು ಹುಸಿಯಲ್ಲ. ಸ್ಟಾಕ್‌ಹೋಮ್‌ನ ಸಂಶೋಧಕರು 2013ರಲ್ಲಿ ನಡೆಸಿದ ಪ್ರಯೋಗದಲ್ಲಿ ಜನರು ಬೆರಳಾಡಿಸಿ ಸುಮಾರು 13 ನ್ಯಾನೊಮೀಟರ್ ಎತ್ತರದ ಸುಕ್ಕುಗಳಿರುವ ಮೇಲ್ಮೈಯನ್ನು ನುಣುಪಾದ ಮೇಲ್ಮೈಯಿಂದ ಬೇರ್ಪಡಿಸಿದರು. ಒಂದು ಮಿ.ಮೀ.ಯಲ್ಲಿ 10 ಲಕ್ಷ ನ್ಯಾನೊಮೀಟರ್‌ಗಳಿವೆ ಎಂಬುದನ್ನು ನೆನೆದರೆ ಬೆರಳಿನ ಶಕ್ತಿ ಅರ್ಥವಾದೀತು. ಬೆರಳನ್ನು ಆಡಿಸದೆ ಸುಮ್ಮನೆ ಇಟ್ಟರೆ ಮಾತ್ರ ಇದು ಸಾಧ್ಯವಿಲ್ಲ. ಇಷ್ಟು ಸಣ್ಣ ಏರಿಳಿತ ತಿಳಿಯುವುದು ಕಂಪನದ ಮೂಲಕ.

ಇನ್ನು ದಾವಣಗೆರೆಯ ಮಂಡಕ್ಕಿ ಭಟ್ಟಿಗಳು. ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಈ ಕೆಲಸದಲ್ಲಿ ಬಿಸಿ, ಹೊಗೆ, ಹಿಡಿಕೆಯ ತಿಕ್ಕಾಟ ನಿತ್ಯದ್ದು. ಇಂತಹ ದುಡಿಮೆಯಲ್ಲಿ ಹೆಚ್ಚು ಬಳಕೆಯಾಗುವ ಕೈಯ ಚರ್ಮ ಜಡ್ಡುಗಟ್ಟುತ್ತದೆ. ದಪ್ಪಗಾದ ಚರ್ಮ ಹತ್ತಿಯ ಎಳೆಯಂತಹ ಲಘು ಸ್ಪರ್ಶವನ್ನು ಒಳಗೆ ಬಿಡುವುದಿಲ್ಲ. ಕೂಲಿ ಕಾರ್ಮಿಕರ ಬಲಗೈ ಎಡಗೈಗಿಂತ ಮಂದವಾಗಿ ಕಂಡರೆ ಮೊದಲು ನೋಡಬೇಕಾದದ್ದು ಮೆದುಳನ್ನಲ್ಲ, ಅಂಗೈಯನ್ನು. ಜಡ್ಡು ಎರಡೂ ಕೈಗಳಲ್ಲಿ ಸಮನಾಗಿರುವುದಿಲ್ಲವಾದ್ದರಿಂದ ಹೋಲಿಕೆ ದಾರಿ ತಪ್ಪುತ್ತದೆ. ಗ್ರೈಂಡರ್, ಡ್ರಿಲ್ಲಿಂಗ್ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದವರದು ಬೇರೆಯೇ ಕಥೆ. ಅಲ್ಲಿ ಕಂಪನದಿಂದ ನರ ಮತ್ತು ಸಣ್ಣ ರಕ್ತನಾಳಗಳಿಗೇ ಹಾನಿಯಾಗಿ, ಚಳಿಯಲ್ಲಿ ಬೆರಳು ಬಿಳಿಚಿ ಮರಗಟ್ಟುತ್ತದೆ. ಇದನ್ನು ಜಡ್ಡೆಂದು ತಳ್ಳಿಹಾಕುವಂತಿಲ್ಲ.

ಅಭ್ಯಾಸವು ಸ್ಪರ್ಶವನ್ನು ಹರಿತಗೊಳಿಸುವುದೂ ಉಂಟು. ಪಿಟೀಲು ಮೊದಲಾದ ತಂತಿವಾದ್ಯ ನುಡಿಸುವವರ ಎಡಗೈ ಬೆರಳುಗಳಿಗೆ ಮೆದುಳಿನಲ್ಲಿ ಹೆಚ್ಚು ಜಾಗ ದೊರೆತಿರುವುದು 1995ರ ಅಧ್ಯಯನದಲ್ಲಿ ಕಂಡಿತು. ಚಿಕ್ಕಂದಿನಲ್ಲೇ ಕಲಿತವರಲ್ಲಿ ಈ ವಿಸ್ತಾರ ಇನ್ನೂ ಹೆಚ್ಚು. ಬ್ರೈಲ್ ಓದುವವರ ಓದುವ ಬೆರಳಿನ ಬಗ್ಗೆ ಇಂತಹುದೇ ಸಾಕ್ಷ್ಯ 1993ರಲ್ಲಿ ದೊರೆತಿತ್ತು. ಅಂಧ ಮಕ್ಕಳು ಎಡಗೈಯಿಂದ ಬ್ರೈಲನ್ನು ಹೆಚ್ಚು ಚೆನ್ನಾಗಿ ಓದುತ್ತಾರೆ ಎಂದು 1971ರಲ್ಲಿ ಲಂಡನ್‌ನ ಹರ್ಮೆಲಿನ್ ಮತ್ತು ಓಕಾನರ್ ವರದಿ ಮಾಡಿದ್ದರು. ಆದರೆ ನುರಿತ ಓದುಗರಲ್ಲಿ ಬಹಳಷ್ಟು ಮಂದಿ ಎರಡೂ ಕೈಗಳನ್ನು ಬಳಸುತ್ತಾರೆ.

ಮನೆಯಲ್ಲೇ ಪರೀಕ್ಷೆ

ಆಸಕ್ತರು ಇದನ್ನು ಮನೆಯಲ್ಲೇ ನೋಡಬಹುದು. ಒಂದು ಪೇಪರ್ ಕ್ಲಿಪ್ಪನ್ನು ಬಿಡಿಸಿ ‘ಯು’ ಆಕಾರಕ್ಕೆ ಬಗ್ಗಿಸಿ, ಸ್ಕೇಲ್ ಇಟ್ಟು ತುದಿಗಳ ನಡುವೆ 5 ಮಿ.ಮೀ. ಅಂತರ ಮಾಡಿಕೊಳ್ಳಬೇಕು. ಪರೀಕ್ಷೆಗೆ ಒಳಗಾಗುವವರು ಕಣ್ಣು ಮುಚ್ಚಿ ಕೈಯನ್ನು ಮೇಜಿನ ಮೇಲೆ ಅಂಗಾತ ಇಡಲಿ. ಇನ್ನೊಬ್ಬರು ತೋರುಬೆರಳ ತುದಿಗೆ ಕೆಲವೊಮ್ಮೆ ಒಂದು ತುದಿಯನ್ನು, ಕೆಲವೊಮ್ಮೆ ಎರಡನ್ನೂ ಒಟ್ಟಿಗೆ, ಚರ್ಮ ತುಸುವೇ ತಗ್ಗುವಷ್ಟು ಮಾತ್ರ ತಾಗಿಸಲಿ. ಹತ್ತು ಬಾರಿಯಲ್ಲಿ ಎಂಟು ಸರಿಯಾದರೆ ಅಂತರವನ್ನು 1 ಮಿ.ಮೀ.ನಂತೆ ಕಡಿಮೆ ಮಾಡುತ್ತ ಹೋಗಬೇಕು. ಒಮ್ಮೆ ಬಲಗೈ, ಒಮ್ಮೆ ಎಡಗೈ ಎಂದು ಸರದಿ ಬದಲಿಸುವುದು ಮುಖ್ಯ. ಇಲ್ಲವಾದರೆ ಎರಡನೆಯ ಕೈಗೆ ಅಭ್ಯಾಸದ ಲಾಭ ಸಿಕ್ಕಿಬಿಡುತ್ತದೆ. ತಣ್ಣೀರಿನಲ್ಲಿ ಪಾತ್ರೆ ತೊಳೆದ ಕೂಡಲೇ ಪರೀಕ್ಷಿಸಿದರೆ ಫಲ ಕೆಡುತ್ತದೆ. ಎರಡು ಕೈಗಳ ನಡುವೆ ಒಂದು ಮಿ.ಮೀ. ಆಚೀಚೆಯಾದರೆ ಅದಕ್ಕೆ ಯಾವ ಅರ್ಥವೂ ಇಲ್ಲ. ವಯಸ್ಸಾದವರಲ್ಲಿ ಎರಡೂ ಕೈಗಳ ಸೂಕ್ಷ್ಮತೆ ತಗ್ಗಿರುವುದು ಸಹಜ. ಇದು ಆಟವೇ ಹೊರತು ರೋಗಪತ್ತೆಯಲ್ಲ.

ವ್ಯತ್ಯಾಸವೇ ಎಚ್ಚರಿಕೆ

ವೈದ್ಯರು ಬಳಸುವ ಸಾಧನ ನೈಲಾನ್ ಎಳೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೇ ಕುದುರೆ ಕೂದಲಿನಿಂದ ಮಾಡಿದ್ದನ್ನು, ಜೋಸೆಫೀನ್ ಸೆಮ್ಸ್ ಮತ್ತು ಮೇಲೆ ಹೇಳಿದ ವೈನ್‌ಸ್ಟೈನ್ ನೈಲಾನಿಗೆ ಬದಲಿಸಿದರು. ಮೆದುಳಿಗೆ ಗಾಯವಾದ ಸೈನಿಕರನ್ನು ಪರೀಕ್ಷಿಸಲು ರೂಪುಗೊಂಡ ಈ ಎಳೆಗಳು ನಿಗದಿತ ಒತ್ತಡಕ್ಕೆ ಬಾಗುತ್ತವೆ. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆಯನ್ನು ಪಾದದ ಹೆಬ್ಬೆರಳು ಮತ್ತು ಬೆರಳುಗಳ ಬುಡಕ್ಕೆ ತಾಗಿಸಿದಾಗ ತಿಳಿಯದಿದ್ದರೆ ಆ ಪಾದ ಅಪಾಯದಲ್ಲಿದೆ ಎಂದರ್ಥ. ಚಪ್ಪಲಿಯೊಳಗಿನ ಕಲ್ಲು, ಗದ್ದೆಯ ಮುಳ್ಳು, ಸ್ನಾನದ ಬಿಸಿನೀರು ಯಾವುದೂ ಅದಕ್ಕೆ ಗೊತ್ತಾಗದು.

ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಅಂದಾಜಿಸಿದೆ. ಮಧುಮೇಹದ ನರದೌರ್ಬಲ್ಯ ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಒಟ್ಟಿಗೆ, ಕಾಲುಚೀಲ ತೊಟ್ಟಂತೆ ಮೇಲೇರುತ್ತದೆ. ಚೆಂಡು ಒದೆಯುವ ರೂಢಿಯ ಪಾದಕ್ಕೂ ಇನ್ನೊಂದಕ್ಕೂ ಆರೋಗ್ಯವಂತರಲ್ಲಿ ಹೇಳಿಕೊಳ್ಳುವ ಭೇದವಿಲ್ಲ. ಆದುದರಿಂದ ಒಂದೇ ಪಾದ ಅಥವಾ ಒಂದೇ ಕೈ ಮಂದವಾದರೆ ಕಾರಣ ಬೇರೆ ಇರಬಹುದು.

ರಾತ್ರಿ ಮಲಗಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ಕೈ ಕೊಡವಿದರೆ ಹಿತವೆನಿಸುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಅದುಮಿಕೊಂಡದ್ದರ ಲಕ್ಷಣ. ಇದು ಹೆಚ್ಚಾಗಿ ಕಾಣುವುದು ರೂಢಿಯ ಕೈಯಲ್ಲೇ. ಗರ್ಭಿಣಿಯರಲ್ಲಿ, ಥೈರಾಯ್ಡ್ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಕಿರುಬೆರಳಿನ ಕಡೆ ಸ್ಪರ್ಶ ಹೋಗಿದ್ದು, ಮೈಮೇಲೆ ತಿಳಿಬಣ್ಣದ ಅಥವಾ ಕೆಂಪನೆಯ ಮಚ್ಚೆಯಿದ್ದು ಅಲ್ಲಿಯೂ ಸಂವೇದನೆ ಇಲ್ಲದಿದ್ದರೆ ಕುಷ್ಠರೋಗದ ಪರೀಕ್ಷೆ ಮಾಡಿಸಲೇಬೇಕು. ರಾಷ್ಟ್ರಮಟ್ಟದಲ್ಲಿ ಕುಷ್ಠವು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಣೆಯಾಗಿದೆ ಎಂದು 2005ರ ಕೊನೆಯಲ್ಲಿ ಘೋಷಿಸಲಾಯಿತು. ರೋಗವೇ ಇಲ್ಲವೆಂದು ಅದರ ಅರ್ಥವಲ್ಲ. ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳಿದ್ದಾರೆ ಎಂದಷ್ಟೇ. ಇಲ್ಲಿ ಬಾಲ್‌ಪೆನ್ನಿನ ತುದಿಯಿಂದಲೂ ಪರೀಕ್ಷೆ ನಡೆಯುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ನರದ ಸಂವೇದನೆ ಕುಂದಿ 6 ತಿಂಗಳಾಗುವುದರೊಳಗೆ ಚಿಕಿತ್ಸೆ ದೊರೆತರೆ ಅದು ಮರಳುವ ಸಾಧ್ಯತೆ ಹೆಚ್ಚು. ತಡವಾದರೆ ಬೆರಳು ಮಡಿಚಿಕೊಂಡು ಅಂಗವೈಕಲ್ಯ ಶಾಶ್ವತವಾಗಬಹುದು.

ಇವೆಲ್ಲವೂ ನಿಧಾನವಾಗಿ ಬರುವಂಥವು. ನೋಡನೋಡುತ್ತಿದ್ದಂತೆ ಒಂದು ಪಾರ್ಶ್ವದ ಕೈ-ಕಾಲು ಮರಗಟ್ಟಿದರೆ, ಅದರ ಜೊತೆಗೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಲಕ್ವ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಲೆಯ ಸ್ಕ್ಯಾನ್ ಆಗದೆ ಅದನ್ನು ಕೊಡುವಂತಿಲ್ಲ. ಎಣ್ಣೆ ತಿಕ್ಕುತ್ತ ಮನೆಯಲ್ಲಿ ಕೂರದೆ 108ಕ್ಕೆ ಕರೆ ಮಾಡಿ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಮೊದಲು ಕಂಡ ಗಂಟೆಯನ್ನು ಮನೆಯವರು ಬರೆದಿಟ್ಟುಕೊಂಡಿರಬೇಕು. ವೈದ್ಯರು ಮೊದಲು ಕೇಳುವುದು ಅದನ್ನೇ.

ಮನೆಯಲ್ಲೇ ಗ್ಲುಕೋಮೀಟರ್‌ನಲ್ಲಿ ರಕ್ತ ಪರೀಕ್ಷಿಸಿಕೊಳ್ಳುವವರು ಸೂಜಿಯನ್ನು ರೂಢಿಯಲ್ಲದ ಕೈಗೆ, ಅದೂ ಬೆರಳ ತುದಿಯ ಮಧ್ಯಕ್ಕಲ್ಲದೆ ಪಕ್ಕಕ್ಕೆ ಚುಚ್ಚಿಕೊಳ್ಳುವುದು ಒಳ್ಳೆಯದು. ಸ್ಪರ್ಶಕ್ಕೆ ಹೆಚ್ಚು ಬೇಕಾದ ಭಾಗ ಇದರಿಂದ ಉಳಿಯುತ್ತದೆ. ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಎರಡೂ ಪಾದಗಳಿಗೆ ನೈಲಾನ್ ಎಳೆಯ ಪರೀಕ್ಷೆ ಮಾಡಿಸಬೇಕು. ಅದಕ್ಕೆ ತಗಲುವುದು ಕೆಲವೇ ನಿಮಿಷ.